ಮೇಲ್ಮನೆಯ ಮೆಟ್ಟಿಲು

1952ರ ಮೊದಲ ಮಹಾಚುನಾವಣೆಯಲ್ಲಿ ಓದುಬರಹ ಬಾರದವರಿಗೂ ಓಟು ಹಾಕುವುದು ಕಷ್ಟವಿರಲಿಲ್ಲ. ಒಬ್ಬೊಬ್ಬ ಹುರಿಯಾಳಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಗುರುತು. ಜೋಡೆತ್ತು ಕಾಂಗ್ರೆಸ್ಸಿನದು, ಗುಡಿಸಲು ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ್ದು, ಮರ ಸೋಷಲಿಸ್ಟರದು. ಕೊಟ್ಟ ಚೀಟಿಯನ್ನು ಬೇಕಾದ ಪೆಟ್ಟಿಗೆಯೊಳಗೆ ಇಳಿಬಿಟ್ಟರೆ ಮುಗಿಯಿತು. ಹೊಳೆನರಸೀಪುರದ ಸಂತೆಗೆ ಬಂದ ರೈತನಿಗೂ ಅರಕಲಗೂಡಿನ ಕೂಲಿ ಹೆಂಗಸಿಗೂ ಅದು ಅರ್ಥವಾಗುವ ವಿಧಾನ.

ಅದೇ ವರ್ಷ ರಾಜ್ಯದ ಮೇಲ್ಮನೆಯಾದ ಮೈಸೂರು ವಿಧಾನ ಪರಿಷತ್ತಿಗೂ ಚುನಾವಣೆ ನಡೆಯಿತು. ಅಲ್ಲಿ ಗುರುತಿನ ಪೆಟ್ಟಿಗೆಗಳ ಸಾಲು ಇಲ್ಲ. ಹೆಸರುಗಳಿರುವ ಒಂದು ಚೀಟಿ, ಪಕ್ಕದಲ್ಲಿ ಖಾಲಿ ಅಂಕಣ. ಮತದಾರ ತನ್ನ ಕೈಯಾರೆ 1 ಎಂದು ಬರೆಯಬೇಕು. ಇಷ್ಟವಿದ್ದರೆ ಇನ್ನೊಬ್ಬರ ಮುಂದೆ 2, ಮತ್ತೊಬ್ಬರ ಮುಂದೆ 3. ಆ ಚೀಟಿ ಸಂತೆಗೆ ಬಂದ ರೈತನ ಕೈಗೆ ಬರುತ್ತಿರಲಿಲ್ಲ. ಅದು ಬರುತ್ತಿದ್ದುದು ಪುರಸಭೆಯ ಸದಸ್ಯರಿಗೆ, ಜಿಲ್ಲಾ ಬೋರ್ಡಿನ ಮೆಂಬರಿಗೆ, ಹೈಸ್ಕೂಲಿನ ಮೇಷ್ಟರಿಗೆ, ಡಿಗ್ರಿ ಮುಗಿಸಿ ವಕೀಲಿ ಹಿಡಿದವರಿಗೆ. ಒಂದೇ ಊರಿನಲ್ಲಿ, ಒಂದೇ ವರ್ಷದಲ್ಲಿ, ಎರಡು ಬಗೆಯ ಪ್ರಜಾಪ್ರಭುತ್ವ. ಹಾಸನ ಜಿಲ್ಲೆಯ ತಾಲ್ಲೂಕು ಪಟ್ಟಣಗಳಿಂದ ಮೇಲ್ಮನೆಗೆ ಹತ್ತುವ ಮೆಟ್ಟಿಲು ಎಲ್ಲಿತ್ತು ಎಂದು ಕೇಳಿದರೆ ಈ ಚೀಟಿಯಿಂದಲೇ ಶುರುಮಾಡಬೇಕು.

ಆದರೆ ಕತೆ 1952ಕ್ಕೂ ಹಿಂದಿನದು. ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಹುಟ್ಟಿತು. ಮೊದಲ ಸಭೆಗೆ 144 ಮಂದಿ ಬಂದಿದ್ದರು. ತಾಲ್ಲೂಕು ತಾಲ್ಲೂಕಿನಿಂದ ಪ್ರತಿನಿಧಿಗಳು ದಸರಾ ವೇಳೆಗೆ ಮೈಸೂರಿಗೆ ಹೋಗಿ ಕೆರೆ, ಕಾಲುವೆ, ರಸ್ತೆ, ಕಂದಾಯ ಎಂದು ಅಹವಾಲು ಹೇಳಿಕೊಂಡು ಬರುತ್ತಿದ್ದರು. ಹೇಳಿಕೊಳ್ಳಲು ಅವಕಾಶವಿತ್ತು, ಕಾನೂನು ಮಾಡಲು ಇರಲಿಲ್ಲ. ಕಾನೂನಿಗೆಂದೇ 1907ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿ.ಪಿ. ಮಾಧವರಾವ್ ದಿವಾನರಾಗಿದ್ದಾಗ, ಇನ್ನೊಂದು ಚಿಕ್ಕ ಸಭೆ ಬಂತು. ಅದರ ಹೆಸರು ನ್ಯಾಯವಿಧಾಯಕ ಸಭೆ. ಇಂದಿನ ವಿಧಾನ ಪರಿಷತ್ತು ತನ್ನ ವಯಸ್ಸನ್ನು ಎಣಿಸುವುದು ಆ ವರ್ಷದಿಂದಲೇ.

ಆರಂಭದಲ್ಲಿ ಅದು ದಿವಾನರ ಸುತ್ತ ಕೂತ ಅಧಿಕಾರಿಗಳೂ ಬೆರಳೆಣಿಕೆಯ ಗಣ್ಯರೂ ಸೇರಿದ ಕೂಟ. 1923ರ ಸುಧಾರಣೆಯಲ್ಲಿ ಸದಸ್ಯಬಲ 50ಕ್ಕೆ ಏರಿತು. ಆಯವ್ಯಯದ ಬೇಡಿಕೆಗಳ ಮೇಲೆ ಮತ ಹಾಕುವ ಹಕ್ಕು ಬಂತು. ಹೆಂಗಸರಿಗೆ ಮತದಾನದ ಬಾಗಿಲೂ ತೆರೆಯಿತು. 1940ರ ಕಾಯಿದೆಯಲ್ಲಿ ಪ್ರಜಾಪ್ರತಿನಿಧಿ ಸಭೆಗೆ 310, ನ್ಯಾಯವಿಧಾಯಕ ಸಭೆಗೆ 68 ಎಂದು ನಿಗದಿಯಾಯಿತು. ಸಾಹಿತಿ ಡಿ.ವಿ. ಗುಂಡಪ್ಪನವರು 1926ರಿಂದ 1940ರವರೆಗೆ ಕೂತಿದ್ದುದು ಈ ನ್ಯಾಯವಿಧಾಯಕ ಸಭೆಯಲ್ಲಿಯೇ.

ಇಲ್ಲಿ ಒಂದು ತಮಾಷೆಯಿದೆ. ಪ್ರಜಾಪ್ರತಿನಿಧಿ ಸಭೆ ದೊಡ್ಡದು, ಜನರಿಗೆ ಹತ್ತಿರದ್ದು, ಸದ್ದು ಜಾಸ್ತಿ. ಅಧಿಕಾರ ಮಾತ್ರ ಕಡಿಮೆ. ನ್ಯಾಯವಿಧಾಯಕ ಸಭೆ ಚಿಕ್ಕದು. ಕಾನೂನಿನ ಕೀಲಿಕೈ ಅದರ ಬಳಿಯೇ ಇತ್ತು. 1952ರ ಹೊತ್ತಿಗೆ ಇದು ತಲೆಕೆಳಗಾಯಿತು. ಹೊಸ ಸಂವಿಧಾನದಲ್ಲಿ ಮಂತ್ರಿಮಂಡಲ ಉತ್ತರ ಹೇಳಬೇಕಾದ್ದು ಕೆಳಮನೆಗೆ. ಮೇಲ್ಮನೆ ಒಂದು ಮಸೂದೆಯನ್ನು ಮೊದಲ ಸಲ ಮೂರು ತಿಂಗಳು, ಮತ್ತೆ ಕಳಿಸಿದರೆ ಒಂದು ತಿಂಗಳು ತಡೆಯಬಹುದು. ಹಣಕಾಸಿನ ಮಸೂದೆಯಾದರೆ ಹದಿನಾಲ್ಕೇ ದಿನ. ಹಳೆಯ ಕಾಲದ ನ್ಯಾಯವಿಧಾಯಕ ಸಭೆಯ ಗತ್ತನ್ನು ಕಂಡವರಿಗೆ ಹೊಸ ಪರಿಷತ್ತಿನ ಮೆಂಬರಿಕೆ ಸ್ವಲ್ಪ ಸಪ್ಪೆಯೆನಿಸಿದ್ದರೆ ಆಶ್ಚರ್ಯವಿಲ್ಲ.

ನಡುವಿನ ವರ್ಷಗಳನ್ನು ಬೇಗ ದಾಟಬಹುದು. ಮೈಸೂರು ಚಲೋ ಚಳವಳಿಯ ನಂತರ 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂತು. 1949ರ ಡಿಸೆಂಬರಿನಲ್ಲಿ ಹಳೆಯ ಎರಡೂ ಸಭೆಗಳು ವಿಸರ್ಜನೆಯಾದವು. ಸಂಸ್ಥಾನಗಳಿಂದ ಬಂದ ‘ಬಿ’ ವರ್ಗದ ರಾಜ್ಯಗಳಲ್ಲಿ ಎರಡು ಸದನ ಉಳಿಸಿಕೊಂಡದ್ದು ಮೈಸೂರು ಒಂದೇ. ಹೈದರಾಬಾದಿಗೆ ಇಲ್ಲದ್ದು, ತಿರುವಾಂಕೂರು-ಕೊಚ್ಚಿಗೆ ಇಲ್ಲದ್ದು ಮೈಸೂರಿಗೆ ಸಿಕ್ಕಿತು. ಎರಡು ಸಭೆಗಳ ರೂಢಿ ಇಲ್ಲಿ ಅಷ್ಟು ಹಳೆಯದಾಗಿತ್ತು ಎಂಬುದನ್ನು ಬಿಟ್ಟರೆ ಬೇರೆ ಕಾರಣ ನನಗೆ ತೋರುವುದಿಲ್ಲ.

ಹೊಸ ಪರಿಷತ್ತಿಗೆ ಸ್ಥಾನ 40. ಈ ಸಂಖ್ಯೆಗೂ ಒಂದು ಲೆಕ್ಕವಿದೆ. ಮೇಲ್ಮನೆಯ ಬಲ ಕೆಳಮನೆಯ ಕಾಲು ಭಾಗ ಮೀರಬಾರದು, ಆದರೆ 40ಕ್ಕಿಂತ ಕಡಿಮೆಯೂ ಇರಬಾರದು ಎಂದು ಆಗಿನ ಸಂವಿಧಾನ ಹೇಳುತ್ತಿತ್ತು. ಮೈಸೂರು ವಿಧಾನಸಭೆಯ ಚುನಾಯಿತ ಸದಸ್ಯರು 99. ಅದರ ಕಾಲು ಭಾಗ 25ನ್ನೂ ಮುಟ್ಟುವುದಿಲ್ಲ. ಹಾಗಾಗಿ ಕನಿಷ್ಠ ಮಿತಿಯ 40 ನಮಗೆ ಬಂತು. ಸ್ಥಳೀಯ ಸಂಸ್ಥೆಗಳಿಂದ 13, ವಿಧಾನಸಭೆಯ ಸದಸ್ಯರಿಂದ 13, ಪದವೀಧರರಿಂದ 3, ಶಿಕ್ಷಕರಿಂದ 3, ನಾಮಕರಣ 8. ಮೊದಲ ಸಭಾಪತಿ ಕೆ.ಟಿ. ಭಾಷ್ಯಂ. ಬೆಂಗಳೂರಿನ ವಕೀಲರು, ಕಾರ್ಮಿಕ ನಾಯಕರು, ರೆಡ್ಡಿಯವರ ಸಂಪುಟದಲ್ಲಿ ಮಂತ್ರಿಯಾಗಿದ್ದವರು. ವಿಧಾನಸೌಧ ಆಗಿನ್ನೂ ಮೇಲೇಳುತ್ತಿತ್ತು. ಅದಕ್ಕೆ ನೆಹರೂ ಶಂಕುಸ್ಥಾಪನೆ ಮಾಡಿದ್ದು 1951ರ ಜುಲೈ 13ರಂದು. ವಿಧಾನಸಭೆಯ ಮೊದಲ ಬೈಠಕ್ಕು 1952ರ ಜೂನ್ 18ರಂದು ಎದುರಿನ ಅಠಾರಾ ಕಚೇರಿಯಲ್ಲೇ ಸೇರಿತ್ತು.

ಮೇಲ್ಮನೆ ವಿಸರ್ಜನೆಯಾಗುವ ಸದನವಲ್ಲ. ಸದಸ್ಯನ ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೆಯ ಒಂದು ಭಾಗ ನಿವೃತ್ತಿ. ಈ ಚಕ್ರ ತಿರುಗಲೆಂದು ಮೊದಲ ತಂಡದ ಕೆಲವರ ಅವಧಿಯನ್ನು ಮೊಟಕು ಮಾಡಲೇಬೇಕಾಯಿತು. ಆರು ವರ್ಷಕ್ಕೆಂದು ಗೆದ್ದು ಬಂದು ಎರಡೇ ವರ್ಷಕ್ಕೆ ಗಂಟುಮೂಟೆ ಕಟ್ಟುವುದು ಯಾರಿಗೆ ಹಿತ?

ಸ್ಥಳೀಯ ಸಂಸ್ಥೆಗಳಿಗೆ ಹದಿಮೂರು ಸ್ಥಾನ, ಆಗಿನ ಮೈಸೂರಿನ ಜಿಲ್ಲೆಗಳು ಒಂಬತ್ತು. ನಮ್ಮ ಜಿಲ್ಲೆಯ ಪಟ್ಟಣಗಳಿಗೆ ಮುಖ್ಯವಾದ ಬಾಗಿಲು ಈ ಸ್ಥಳೀಯ ಸಂಸ್ಥೆಗಳ ಬಾಗಿಲೇ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಪುರಸಭೆಯ ಮೆಂಬರು ಎಂದರೆ ಬೀದಿ ದೀಪ, ಚರಂಡಿ, ಸಂತೆ ಮಾಳದ ಸುಂಕ ಇವುಗಳ ಪಂಚಾಯ್ತಿ ಮಾಡುವ ಮನುಷ್ಯ. ನಲ್ಲಿಯಲ್ಲಿ ನೀರು ಬರಲಿಲ್ಲವೆಂದು ಬೆಳಿಗ್ಗೆ ಜನ ಬಾಗಿಲು ಬಡಿಯುವುದು ಅವನ ಮನೆಯದನ್ನೇ. ಅವನಿಗೇ ರಾಜ್ಯದ ಮೇಲ್ಮನೆಗೆ ಯಾರು ಹೋಗಬೇಕೆಂದು ನಿರ್ಧರಿಸುವ ಹಕ್ಕೂ ಸಿಕ್ಕಿತು. ವಿಧಾನಸಭೆಯ ಹುರಿಯಾಳು ಸಾವಿರಾರು ಜನರ ಮುಂದೆ ಮೈಕು ಹಿಡಿಯಬೇಕು. ಪರಿಷತ್ತಿನ ಹುರಿಯಾಳಿಗೆ ಅದು ಬೇಕಿಲ್ಲ. ಒಂದು ಪಟ್ಟಿ ಹಿಡಿದು ಮನೆ ಮನೆಗೆ ಹೋಗಿ, ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ‘ಮೊದಲನೆಯದು ಆಗದಿದ್ದರೆ ಎರಡನೆಯದನ್ನಾದರೂ ನನಗೆ ಕೊಡಿ’ ಎಂದು ಕೇಳಿದರೆ ಆಯಿತು.

ಆ ‘ಎರಡನೆಯದು’ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಪರಿಷತ್ತಿನ ರಾಜಕೀಯದ ಜೀವ ಇರುವುದೇ ಅಲ್ಲಿ. ಒಂದು ಸ್ಥಾನಕ್ಕೆ ಮೂವರು ನಿಂತಿದ್ದಾರೆ, 121 ಸಿಂಧು ಮತಗಳು ಬಿದ್ದಿವೆ ಎಂದು ಇಟ್ಟುಕೊಳ್ಳಿ. ಗೆಲ್ಲಲು ಅರ್ಧಕ್ಕಿಂತ ಹೆಚ್ಚು, ಅಂದರೆ 61 ಬೇಕು. ಮೊದಲ ಎಣಿಕೆಯಲ್ಲಿ ಒಬ್ಬರಿಗೆ 50, ಇನ್ನೊಬ್ಬರಿಗೆ 41, ಮೂರನೆಯವರಿಗೆ 30. ಯಾರೂ ದಡ ಮುಟ್ಟಿಲ್ಲ. ಆಗ 30ರವರನ್ನು ಕಣದಿಂದ ತೆಗೆದು, ಅವರ ಚೀಟಿಗಳ ಕಟ್ಟನ್ನು ಮತ್ತೆ ಬಿಚ್ಚುತ್ತಾರೆ. ಅದರಲ್ಲಿ 7 ಚೀಟಿಗಳ ಮೇಲೆ 2 ಎಂದು ಮೊದಲನೆಯವರ ಹೆಸರಿನ ಮುಂದೆ, 21ರ ಮೇಲೆ ಎರಡನೆಯವರ ಮುಂದೆ. ಉಳಿದ ಎರಡರಲ್ಲಿ ಏನೂ ಬರೆದಿಲ್ಲ. ಈಗ 57 ಮತ್ತು 62. ಮುಂದಿದ್ದವರು ಸೋತರು, ಹಿಂದಿದ್ದವರು ಗೆದ್ದರು. ಹಾಗಾಗಿ ಈ ಚುನಾವಣೆಯಲ್ಲಿ ಯಾರನ್ನೂ ಎದುರು ಹಾಕಿಕೊಳ್ಳುವಂತಿಲ್ಲ. ವಿರೋಧಿಯ ಬೆಂಬಲಿಗನ ಮನೆಯಲ್ಲೂ ನಿಮಗೊಂದು ‘2’ ಕಾದಿರಬಹುದು. ಪುರಸಭೆಯ ಗುಂಪುಗಾರಿಕೆಯಲ್ಲಿ ಪಳಗಿದವರಿಗೆ ಈ ಲೆಕ್ಕ ಕಲಿಯಲು ಹೆಚ್ಚು ಹೊತ್ತು ಹಿಡಿದಿರಲಾರದು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ನಿಲ್ಲುವವರು ಆ ಜಿಲ್ಲೆಯವರೇ ಆಗಬೇಕೆಂದು ಕಾನೂನು ಕೇಳುವುದಿಲ್ಲ. ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರಾಗಿದ್ದು, 30 ವರ್ಷ ತುಂಬಿದ್ದರೆ ಸಾಕು. ಪದವೀಧರರ ಕ್ಷೇತ್ರದಿಂದ ನಿಲ್ಲುವವರು ಪದವೀಧರರೇ ಆಗಬೇಕಿಲ್ಲವೆಂದೂ ಸುಪ್ರೀಂ ಕೋರ್ಟು 1972ರಲ್ಲಿ, ಮದರಾಸಿನ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಓಟು ಹಾಕುವವನಿಗೆ ಡಿಗ್ರಿ ಬೇಕು, ಗೆಲ್ಲುವವನಿಗೆ ಬೇಡ! ವಿಚಿತ್ರವೆನಿಸಿದರೂ ಕಾನೂನಿನ ಅಕ್ಷರ ಹಾಗೇ ಇದೆ.

ಪದವೀಧರರ, ಶಿಕ್ಷಕರ ಬಾಗಿಲುಗಳು ನಮ್ಮ ತಾಲ್ಲೂಕುಗಳಿಗೆ ಕಿರಿದು. ಪದವಿ ಪಡೆದು ಮೂರು ವರ್ಷ ಆಗಿದ್ದವರು ಮಾತ್ರ ಮತದಾರರು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೇ 1916ರಲ್ಲಿ. ಮೈಸೂರಿಗೋ ಬೆಂಗಳೂರಿಗೋ ಹೋಗಿ ಬಿ.ಎ. ಮಾಡಿ ಊರಿಗೆ ಮರಳಿದವರು ಒಂದು ಪಟ್ಟಣಕ್ಕೆ ಎಷ್ಟು ಜನ ಇದ್ದಾರು? ಶಿಕ್ಷಕರ ಕ್ಷೇತ್ರದ ಗೆರೆಯಂತೂ ಇನ್ನೂ ಗಡುಸು. ಪ್ರೌಢಶಾಲೆಗಿಂತ ಕೆಳಗಿನ ಶಾಲೆಯ ಮೇಷ್ಟರಿಗೆ ಮತವಿಲ್ಲ. ಹಳ್ಳಿಯ ಸ್ಕೂಲಿನಲ್ಲಿ ಒಬ್ಬರೇ ನಾಲ್ಕು ಕ್ಲಾಸು ನಡೆಸಿಕೊಂಡು, ಇಡೀ ತಾಲ್ಲೂಕಿಗೆ ಅಕ್ಷರ ಕಲಿಸಿದ ಮೇಷ್ಟರು ಮೇಲ್ಮನೆಯ ಲೆಕ್ಕದಲ್ಲಿ ಶಿಕ್ಷಕರೇ ಅಲ್ಲ! ಇಂದಿಗೂ ಈ ಗೆರೆ ಹಾಗೇ ಇದೆ. ಎಷ್ಟು ಸಮಜಾಯಿಷಿ ಕೇಳಿದರೂ ಇದು ಸರಿಯೆಂದು ನನಗೆ ಅನಿಸಿದ್ದಿಲ್ಲ.

ಇನ್ನು ನಾಮಕರಣದ ಬಾಗಿಲು. ಹಾಸನ ಜಿಲ್ಲೆಗೆ ಮೇಲ್ಮನೆಯ ಅತ್ಯಂತ ಪ್ರಿಯವಾದ ನೆನಪು ಬಂದಿರುವುದು ಇಲ್ಲಿಂದ. ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜಸೇವೆ ಇವುಗಳಲ್ಲಿ ವಿಶೇಷ ಜ್ಞಾನವೋ ಅನುಭವವೋ ಇದ್ದವರನ್ನು ನೇಮಿಸಬೇಕೆಂಬುದು ಸಂವಿಧಾನದ ಮಾತು. ದೆಹಲಿಯ ರಾಜ್ಯಸಭೆಯ ನಾಮಕರಣದ ಪಟ್ಟಿಯಲ್ಲಿ ‘ಸಹಕಾರ ಚಳವಳಿ’ ಇಲ್ಲ, ರಾಜ್ಯಗಳ ಪರಿಷತ್ತಿಗೆ ಮಾತ್ರ ಇದೆ. ಪತ್ತಿನ ಸಂಘದ ಲೆಕ್ಕದ ಪುಸ್ತಕ ಬರೆದವನೂ ಕವಿಯ ಪಕ್ಕ ಕೂರಬಹುದು ಎಂದು ಸಂವಿಧಾನ ಬರೆದವರಿಗೆ ಹೊಳೆದಿತ್ತು. 1956ರವರೆಗೆ ನಾಮಕರಣದ ಆದೇಶಕ್ಕೆ ಸಹಿ ಹಾಕುತ್ತಿದ್ದವರು ರಾಜ್ಯಪಾಲರ ಜಾಗದಲ್ಲಿದ್ದ ರಾಜಪ್ರಮುಖ ಜಯಚಾಮರಾಜ ಒಡೆಯರು.

ಗೊರೂರು ರಾಮಸ್ವಾಮಿ ಅಯ್ಯಂಗಾರ್ ಸ್ವಾತಂತ್ರ್ಯಾನಂತರದ ಪರಿಷತ್ತಿಗೆ ಬಂದದ್ದು ಹೀಗೆ, ನಾಮಕರಣದಿಂದ. 1904ರಲ್ಲಿ ಹುಟ್ಟಿದ್ದು ಹೇಮಾವತಿಯ ದಡದ ಗೊರೂರಿನಲ್ಲಿ, ಅರಕಲಗೂಡಿಗೆ ಹತ್ತಿರದಲ್ಲೇ. ಗಾಂಧೀಜಿಯ ಕರೆಗೆ ಓಗೊಟ್ಟು ಶಾಲೆ ಬಿಟ್ಟು, ಗುಜರಾತ್ ವಿದ್ಯಾಪೀಠದಲ್ಲಿ ಓದಿ, ಖಾದಿಯ ಕೆಲಸಕ್ಕೆ ಇಳಿದವರು. ಸಾಹಿತ್ಯದ ಲೆಕ್ಕಕ್ಕೂ ಸಮಾಜಸೇವೆಯ ಲೆಕ್ಕಕ್ಕೂ ಅವರು ಸಲ್ಲುತ್ತಿದ್ದರು. ಚುನಾಯಿತ ಸದಸ್ಯರು ಚೀಟಿಯ ಮೇಲಿನ ಅಂಕಿಯ ಬಲದಿಂದ ಗೆದ್ದು ಬರುವ ಸದನಕ್ಕೆ ಈ ಮನುಷ್ಯ ಬಂದದ್ದು ತಮ್ಮ ಬರಹದ ಬೆಸ್ತರ ಕರಿಯನಂಥ ಹಳ್ಳಿಗರನ್ನು ಬೆನ್ನಿಗಿಟ್ಟುಕೊಂಡು. ‘ಹಳ್ಳಿಯ ಚಿತ್ರಗಳು’ ಓದಿದವರಿಗೆ ಗೊತ್ತು, ಆ ಊರಿನ ಜನರಲ್ಲಿ ಯಾರಿಗೂ ಪರಿಷತ್ತಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಸಂಭವವಿಲ್ಲ. ಡಿಗ್ರಿಯಿಲ್ಲ, ಹೈಸ್ಕೂಲಿನ ಕೆಲಸವಿಲ್ಲ, ಬೋರ್ಡಿನ ಮೆಂಬರಿಕೆಯಿಲ್ಲ. ಅಂಥವರ ಮಾತಿನ ವರಸೆ ಬಲ್ಲ ಒಬ್ಬರು ಮೇಲ್ಮನೆಯ ಕುರ್ಚಿಯಲ್ಲಿ ಕೂತರು ಎಂಬುದು ನಾಮಕರಣ ಪದ್ಧತಿಯ ಪರವಾಗಿ ನಾನು ಕೊಡಬಲ್ಲ ಒಳ್ಳೆಯ ಸಾಕ್ಷ್ಯ. ಪದ್ಧತಿಯ ವಿರುದ್ಧದ ಸಾಕ್ಷ್ಯಗಳೂ ಬೇಕಾದಷ್ಟಿವೆ. ಸೋತ ಹುರಿಯಾಳುಗಳಿಗೆ ಆಶ್ರಯ ಕೊಡುವ ಛತ್ರವೆಂದು ಜನ ಪರಿಷತ್ತನ್ನು ಹಾಸ್ಯ ಮಾಡುವುದು ಇಂದು ನಿನ್ನೆಯದಲ್ಲ.

ಗೊರೂರರನ್ನು ಕನ್ನಡಿಗರು ನೆನೆಯುವುದು ಎಂಎಲ್‌ಸಿ ಎಂದಲ್ಲ. 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರದ ಕತೆಗಾರ ಎಂದು, ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು ಎಂದು. ಅವರ ಊರಿನ ಹೆಸರು ಕೃಷಿಕರ ಬಾಯಲ್ಲಿ ಉಳಿದಿರುವುದು ಇನ್ನೊಂದು ಕಾರಣಕ್ಕೆ. 1979ರಲ್ಲಿ ಗೊರೂರಿನ ಬಳಿ ಹೇಮಾವತಿ ಅಣೆಕಟ್ಟು ಪೂರ್ತಿಯಾಯಿತು. ಚನ್ನರಾಯಪಟ್ಟಣ, ಹೊಳೆನರಸೀಪುರ ಕಡೆಯ ಗದ್ದೆಗಳಿಗೆ ನೀರು ಹೊರಟಿತು. ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಅರ್ಧ ನೀರಿನಲ್ಲಿ ನಿಂತಿರುವುದನ್ನು ನೋಡಲು ಈಗ ಬೆಂಗಳೂರಿನಿಂದ ಜನ ಕ್ಯಾಮರಾ ಹಿಡಿದು ಬರುತ್ತಾರೆ.

ಆಗಿನ ಪರಿಷತ್ತಿನ ಸದಸ್ಯರಿಗೆ ಬೆಂಗಳೂರಿಗೆ ಹೋಗಿ ಬರುವುದೇ ಒಂದು ಕೆಲಸ. ಹೊಳೆನರಸೀಪುರಕ್ಕೂ ಹಾಸನಕ್ಕೂ ಮೈಸೂರು-ಅರಸೀಕೆರೆ ಮೀಟರ್ ಗೇಜ್ ರೈಲಿತ್ತು. ಅರಸೀಕೆರೆಯಲ್ಲಿ ಗಾಡಿ ಬದಲಿಸಿ, ತುಮಕೂರಿನ ಮೇಲೆ ಬೆಂಗಳೂರು. ಅರಕಲಗೂಡಿಗೆ ರೈಲಿಲ್ಲ, ಅಲ್ಲಿಂದ ಹಾಸನದವರೆಗೆ ಬಸ್ಸೇ ಗತಿ. ಚನ್ನರಾಯಪಟ್ಟಣದವರು ಕುಣಿಗಲ್ ದಾರಿಯಲ್ಲಿ ರಸ್ತೆಯಲ್ಲೇ ಹೋಗಬೇಕು. ಬೆಂಗಳೂರು-ಹಾಸನ ನೇರ ರೈಲು ಮಾರ್ಗ ಪೂರ್ತಿಯಾಗಿದ್ದು 2017ರಲ್ಲಿ. ಹೋಗುವ ಪ್ರತಿಯೊಬ್ಬರ ಚೀಲದಲ್ಲೂ ಊರಿನವರ ಅರ್ಜಿಗಳು. ಮಸೂದೆಯನ್ನು ನಿಲ್ಲಿಸುವ ಬಲ ಮೇಲ್ಮನೆಗೆ ಇಲ್ಲದಿದ್ದರೂ ಮಂತ್ರಿಯನ್ನು ನಿಲ್ಲಿಸಿ ಕೇಳುವ ಬಲ ಇತ್ತು. ಚುಕ್ಕೆ ಗುರುತಿನ ಪ್ರಶ್ನೆ ಹಾಕಿದರೆ ಸದನದಲ್ಲೇ ಬಾಯಿಮಾತಿನ ಉತ್ತರ ಬರಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಯಾವ ಸೇತುವೆ ಯಾಕೆ ನಿಂತಿದೆ, ಯಾವ ಆಸ್ಪತ್ರೆಗೆ ಡಾಕ್ಟರಿಲ್ಲ ಎಂಬುದು ಹೀಗೆ ನಡವಳಿಯ ಪುಸ್ತಕ ಸೇರುತ್ತದೆ. ಮೇಲ್ಮನೆಯ ಬಗ್ಗೆ ಏನೇ ಆಕ್ಷೇಪ ಇರಲಿ, ಪ್ರಶ್ನೋತ್ತರದ ಈ ಒಂದು ಗಂಟೆಯನ್ನು ನಾನು ಕಡೆಗಣಿಸಲಾರೆ.

1956ರ ನವೆಂಬರ್ 1ರಂದು ವಿಶಾಲ ಮೈಸೂರು ಬಂತು, ಜಿಲ್ಲೆಗಳು 19 ಆದವು. ಪರಿಷತ್ತು ಮೊದಲು 52, ಆಮೇಲೆ 63. ಮುಂದೆ 1987ರಲ್ಲಿ 75. ಒಂಬತ್ತರಲ್ಲಿ ಒಂದಾಗಿದ್ದ ಹಾಸನ ಹತ್ತೊಂಬತ್ತರಲ್ಲಿ ಒಂದಾಯಿತು. ಹಳೆ ಮೈಸೂರಿನವರ ಮನೆಯಂತಿದ್ದ ಸದನಕ್ಕೆ ಧಾರವಾಡದ, ಕಲಬುರಗಿಯ, ಮಂಗಳೂರಿನ ಕನ್ನಡ ಬಂತು. ಕೇಳಲು ಇದೇ ಚೆನ್ನ.

ಮತದಾರನೂ ಬದಲಾದ. 1959ರ ಪಂಚಾಯಿತಿ ಕಾಯಿದೆಯಿಂದ ಜಿಲ್ಲಾ ಬೋರ್ಡು ಹೋಗಿ ತಾಲ್ಲೂಕು ಅಭಿವೃದ್ಧಿ ಮಂಡಳಿ ಬಂತು. ಪರಿಷತ್ತಿನ ಚೀಟಿ ಪಟ್ಟಣದಿಂದ ಸ್ವಲ್ಪ ಹಳ್ಳಿಯ ಕಡೆಗೆ ಸರಿಯಿತು. ಹೊಳೆನರಸೀಪುರದ ಮಂಡಳಿಯಲ್ಲಿ ಆಗ ಸದಸ್ಯರಾಗಿದ್ದವರಲ್ಲಿ ಹರದನಹಳ್ಳಿಯ ಒಬ್ಬ ಯುವಕನೂ ಇದ್ದ. ಹಾಸನದ ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಡಿಪ್ಲೊಮಾ ಮಾಡಿ, ಆಂಜನೇಯ ಸಹಕಾರ ಸಂಘದ ಅಧ್ಯಕ್ಷರಾಗಿದ್ದ ಅವರೇ ಎಚ್.ಡಿ. ದೇವೇಗೌಡ. ಪುರಸಭೆ, ಮಂಡಳಿ, ಸಹಕಾರ ಸಂಘ ಇವೆಲ್ಲ ಮೇಲ್ಮನೆಗೆ ಹತ್ತುವ ಹಳೆಯ ಮೆಟ್ಟಿಲುಗಳೇ. ಅವರು ಅವನ್ನು ಏರಿ ಇನ್ನೊಂದು ಬಾಗಿಲಿಗೆ ಹೋದರು: 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ವಿಧಾನಸಭೆಗೆ ಗೆದ್ದರು. ರಾಜ್ಯದ ಮೇಲ್ಮನೆಯ ಕಡೆ ಅವರು ಎಂದೂ ಮುಖ ಮಾಡಲಿಲ್ಲ. ಆದರೆ 1996ರ ಜೂನ್ 1ರಂದು ಪ್ರಧಾನಿಯಾದಾಗ ಅವರು ಸಂಸತ್ತಿನ ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಆರು ತಿಂಗಳೊಳಗೆ ಒಂದು ಸದನ ಸೇರಬೇಕು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕರ್ನಾಟಕದ ಶಾಸಕರು ಅವರನ್ನು ರಾಜ್ಯಸಭೆಗೆ ಕಳಿಸಿದರು. ನೇರ ಚುನಾವಣೆಯ ರಾಜಕಾರಣಿಗೂ ಒಂದು ದಿನ ಮೇಲ್ಮನೆ ಬೇಕಾಯಿತು. 2020ರಲ್ಲಿ ಮತ್ತೆ ಅದೇ ರಾಜ್ಯಸಭೆಗೆ, ಅವಿರೋಧವಾಗಿ.

ಈ ನಡುವೆ ಬೇರೆ ರಾಜ್ಯಗಳ ಮೇಲ್ಮನೆಗಳು ಒಂದೊಂದಾಗಿ ಬಾಗಿಲು ಹಾಕಿದವು. 1969ರಲ್ಲಿ ಪಶ್ಚಿಮ ಬಂಗಾಳದ್ದು, 1986ರಲ್ಲಿ ತಮಿಳುನಾಡಿನದು. ಆಂಧ್ರದ್ದು 1985ರಲ್ಲಿ ಹೋಗಿ 2007ರಲ್ಲಿ ಮರಳಿತು. ನಮ್ಮದು ಅಲುಗಲಿಲ್ಲ. ಈಗಿನ 75ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ 25, ಶಾಸಕರಿಗೆ 25, ಪದವೀಧರರಿಗೆ 7, ಶಿಕ್ಷಕರಿಗೆ 7, ನಾಮಕರಣಕ್ಕೆ 11. ಸ್ಥಳೀಯ ಸಂಸ್ಥೆಗಳ ಮತದಾರರಲ್ಲಿ ಈಗ ಗ್ರಾಮ ಪಂಚಾಯಿತಿ ಸದಸ್ಯರದೇ ದೊಡ್ಡ ದಂಡು. 1952ರಲ್ಲಿ ಆ ಚೀಟಿಯನ್ನು ಕಣ್ಣಿನಿಂದಲೂ ನೋಡದ ಮನೆಗಳ ಹೆಣ್ಣುಮಕ್ಕಳು ಮೀಸಲಾತಿಯಲ್ಲಿ ಗೆದ್ದು ಈಗ ಮತದಾರರಾಗಿದ್ದಾರೆ. ಅವರಿಗೆ ಬರುವ ಮರ್ಯಾದೆಯೂ ಆಮಿಷವೂ ಹಳೆಯ ಪುರಸಭೆಯ ಮೆಂಬರಿಗೆ ಬರುತ್ತಿದ್ದುದಕ್ಕಿಂತ ಬಹಳ ಹೆಚ್ಚು.

2021ರ ಡಿಸೆಂಬರ್ 10ರಂದು ಆ 25 ಸ್ಥಾನಗಳಿಗೆ ಮತದಾನ ನಡೆಯಿತು, ಹಾಸನವೂ ಸೇರಿ. ಮತಯಂತ್ರ ಇಲ್ಲಿಗೆ ಬಂದಿಲ್ಲ. ಕಾಗದದ ಚೀಟಿಯೇ, ಹೆಸರುಗಳ ಪಕ್ಕದಲ್ಲಿ ಖಾಲಿ ಅಂಕಣವೇ. ಅಂಕಿ ಕನ್ನಡದ್ದಾದರೂ ಆದೀತು, ಆದರೆ ಅಕ್ಷರದಲ್ಲಿ ‘ಒಂದು’ ಎಂದು ಬರೆದರೆ ಆ ಮತ ಕಸದ ಬುಟ್ಟಿಗೆ. ಸ್ವಂತ ಪೆನ್ನು ಬಳಸುವಂತಿಲ್ಲ. ಮತಗಟ್ಟೆಯ ಅಧಿಕಾರಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲೇ 1 ಎಂದು ಬರೆದು, ಮಡಿಸಿ, ಪೆಟ್ಟಿಗೆಗೆ ಹಾಕಿ, ಪೆನ್ನನ್ನು ವಾಪಸು ಕೊಟ್ಟು ಹೊರಗೆ ಬರಬೇಕು.